ಬೆಂಗಳೂರೋ, ಊರೋ, ಶಿವಮೊಗ್ಗವೋ: ನಾವು ತೂಗಿ ನೋಡಿದ ಬಗೆ

ಎಲ್ಲಿ ನೆಲೆಸುವುದು ಎಂಬ ಮಾತು ನಮ್ಮ ಮನೆಯಲ್ಲಿ ವರ್ಷಗಳಿಂದ ಹೊಗೆಯಾಡುತ್ತಲೇ ಇತ್ತು. 2023ರ ಕೊನೆಯಲ್ಲಿ ಅತ್ತೆಯವರ ಹೃದಯಕ್ಕೆ ಸ್ಟೆಂಟ್ ಹಾಕಿಸಬೇಕಾಗಿ ಬಂದಾಗ ಅದನ್ನು ಮುಂದೂಡಲು ಆಗಲಿಲ್ಲ. ನಾವಿದ್ದದ್ದು ಬೆಂಗಳೂರಿನ ರಾಜರಾಜೇಶ್ವರಿನಗರದ ಬಾಡಿಗೆ ಮನೆಯಲ್ಲಿ. ಅತ್ತೆ, ಮಾವ ಇರುವುದು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯ ಹಳ್ಳಿಯಲ್ಲಿ. ಸ್ವಲ್ಪ ಅಡಿಕೆ ತೋಟವಿದೆ. ನನ್ನವರಿಗೆ ಕಟ್ಟಡಗಳ ನಕ್ಷೆ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ, ಬಹುಪಾಲು ಮನೆಯಿಂದಲೇ. ನಾನು ಸಣ್ಣ ವ್ಯಾಪಾರಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಸಲ್ಲಿಸುವವಳು. ಮಗಳು ಆಗ ಆರನೇ ತರಗತಿ.

ಮೊದಲು ಎಲ್ಲರಂತೆ ನಾವೂ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಅನುಕೂಲ ಈ ಕಡೆ, ಅನನುಕೂಲ ಆ ಕಡೆ ಎಂದು ಬರೆದೆವು. ಹಾಗೆ ಬರೆದರೆ ಯಾವ ಊರೂ ಗೆಲ್ಲುವುದಿಲ್ಲ, ಯಾವುದೂ ಸೋಲುವುದಿಲ್ಲ. ‘ಗಾಳಿ ಚೆನ್ನಾಗಿದೆ’ ಎನ್ನುವುದಕ್ಕೆ ಒಂದು ಸಾಲು, ‘ಹೃದಯದ ವೈದ್ಯರಿಲ್ಲ’ ಎನ್ನುವುದಕ್ಕೂ ಒಂದೇ ಸಾಲು. ಲೆಕ್ಕ ಬರೆದೇ ಹೊಟ್ಟೆ ಹೊರೆಯುವ ನನಗೆ ಇದು ಸರಿಕಾಣಲಿಲ್ಲ. ಕೊರತೆಗಳನ್ನಷ್ಟೇ ಉಳಿಸಿಕೊಂಡು ಎರಡು ಪಾಲು ಮಾಡಿದೆ: ದುಡ್ಡು ಕೊಟ್ಟರೆ ನೀಗುವವು, ಎಷ್ಟು ಕೊಟ್ಟರೂ ನೀಗದವು. ಮೂರೂ ಕಡೆ ಒಂದೇ ಆಗಿರುವ ಖರ್ಚನ್ನು ಪಟ್ಟಿಯಿಂದಲೇ ತೆಗೆದೆ. ಗೃಹಜ್ಯೋತಿ ಎಲ್ಲಿದ್ದರೂ ಸಿಗುತ್ತದೆ, ಬಾಡಿಗೆದಾರರಿಗೂ ಸಿಗುತ್ತದೆ. ಅದನ್ನು ಹಿಡಿದು ತೂಗುವುದೇನು? ಅನುಕೂಲಗಳನ್ನಂತೂ ಬಿಟ್ಟೇಬಿಟ್ಟೆ. ಅವಕ್ಕೆ ಮನುಷ್ಯ ಬೇಗ ಒಗ್ಗಿಕೊಂಡು ಮರೆಯುತ್ತಾನೆ. ಕೊರತೆ ಹಾಗಲ್ಲ, ದಿನವೂ ನೆನಪಿಸುತ್ತದೆ.

ಊರಿಗೇ ಹೋಗಿಬಿಡೋಣ ಎಂಬುದು ನನ್ನವರ ಆಸೆ. ಡಿಸೆಂಬರಿನಲ್ಲಿ ಅಡಿಕೆ ಕೊಯ್ಲಿನ ಹೊತ್ತಿಗೆ ಹೋದವರಿಗೆ ಯಾರಿಗಾದರೂ ಹಾಗೆಯೇ ಅನಿಸುತ್ತದೆ. ನಾನು ಒಂದೇ ಷರತ್ತು ಹಾಕಿದೆ: ಮಳೆಗಾಲದಲ್ಲಿ, ಕೆಲಸವನ್ನೂ ಹೊತ್ತುಕೊಂಡು ಹೋಗಿ ಇದ್ದು ನೋಡೋಣ. 2024ರ ಆಷಾಢದಲ್ಲಿ ಹಾಗೆಯೇ ಮಾಡಿದೆವು.

ಮರ ಬಿದ್ದು ತಂತಿ ಹರಿದರೆ ವಿದ್ಯುತ್ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಅದಕ್ಕೆ ಇನ್ವರ್ಟರ್ ಇದೆ, ದುಡ್ಡಿನ ಪಾಲಿಗೆ ಸೇರಿತು. ಆದರೆ ವಿದ್ಯುತ್ ಹೋಗಿ ಕೆಲವು ಗಂಟೆಗಳಲ್ಲಿ ಮೊಬೈಲ್ ಗೋಪುರದ ಬ್ಯಾಟರಿಯೂ ಮುಗಿಯುತ್ತದೆ, ಸಿಗ್ನಲ್ ಇರುವುದಿಲ್ಲ. ನನ್ನ ಕೆಲಸದಲ್ಲಿ 11ನೇ ತಾರೀಕಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕದ 3ಬಿ. ತಡವಾದರೆ ದಿನಕ್ಕೆ ಇಷ್ಟೆಂದು ಶುಲ್ಕ ಏರುತ್ತಾ ಹೋಗುತ್ತದೆ, ಮತ್ತು ಆ ಶುಲ್ಕದ ಮಾತನ್ನು ಗಿರಾಕಿ ವರ್ಷವಿಡೀ ಎತ್ತುತ್ತಾನೆ. ಸಲ್ಲಿಸುವಾಗ ಓಟಿಪಿ ಬರುವುದು ನನ್ನ ಫೋನಿಗಲ್ಲ, ಚಿಕ್ಕಪೇಟೆಯ ಬಟ್ಟೆ ಅಂಗಡಿಯವರ ಫೋನಿಗೆ. ಅವರು ಅದನ್ನು ನನಗೆ ಓದಿ ಹೇಳಬೇಕು, ಅದೂ ಹತ್ತು ನಿಮಿಷದೊಳಗೆ. ಜುಲೈ 20ರಂದು ನಾನು ಮನೆ ಹಿಂದಿನ ಗುಡ್ಡದ ಮೇಲೆ, ಗೇರು ಮರದ ಬುಡದಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲದೊಳಗಿನ ಫೋನು, ಕಾಲ್ಬೆರಳ ಸಂದಿಯಲ್ಲಿ ರಕ್ತ ಹೀರುವ ಇಂಬಳ. ಅತ್ತ ಕಡೆಯಿಂದ “ನಾಲ್ಕು, ಏಳು, ಏಳು... ಮೇಡಂ, ಕೇಳಿಸಿತಾ?” ಕೆಳಗೆ ಲ್ಯಾಪ್‌ಟಾಪ್ ಮುಂದೆ ಕುಳಿತ ಮಗಳಿಗೆ ನಾನು ಆ ಅಂಕಿಗಳನ್ನು ಕೂಗಿ ಹೇಳಿದೆ. ರಿಟರ್ನ್ ಹೋಯಿತು. ಪ್ರತಿ ತಿಂಗಳೂ ಈ ಸಾಹಸ ನನ್ನಿಂದ ಆಗದೆಂದು ಅಲ್ಲೇ ತೀರ್ಮಾನಿಸಿದೆ.

ಅದಕ್ಕಿಂತ ದೊಡ್ಡ ವಿಷಯ ಹಿನ್ನೀರು ದಾಟಿಸುವ ಲಾಂಚ್. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ನಮ್ಮ ಕಡೆಯವರಿಗೆ ಸಾಗರಕ್ಕೆ ಹತ್ತಿರದ ದಾರಿ ಎಂದರೆ ನೀರೇ ಆಗಿತ್ತು. ಅಂಬಾರಗೋಡ್ಲು, ಕಳಸವಳ್ಳಿ ನಡುವೆ ಲಾಂಚ್ ಓಡುತ್ತಿದ್ದದ್ದು ಹಗಲಿನಲ್ಲಿ ಮಾತ್ರ. ಬೇಸಿಗೆಯ ಕೊನೆಗೆ ನೀರು ತೀರಾ ಇಳಿದರೆ ವಾಹನ ಹತ್ತಿಸುವುದನ್ನೂ ನಿಲ್ಲಿಸುತ್ತಿದ್ದರು. ಉಳಿದದ್ದು ಹೊಸನಗರ ಸುತ್ತಿ ಬರುವ ದೂರದ ದಾರಿ. ಅತ್ತೆಗೆ ಎದೆನೋವು ಬಂದದ್ದು ಮಧ್ಯಾಹ್ನವಾದ್ದರಿಂದ ಲಾಂಚ್ ಸಿಕ್ಕಿತು, ಸಂಜೆಗೆ ಶಿವಮೊಗ್ಗ ಮುಟ್ಟಿದರು. ಸೇತುವೆ ಕಟ್ಟುತ್ತಿದ್ದರು, ನಿಜ. ಆದರೆ ಮುಗಿಯದ ಸೇತುವೆಯನ್ನು ನಂಬಿ ಮನೆ ಬದಲಿಸಬಾರದೆಂಬುದು ನನ್ನ ಮಾತು.

ನಾವು ಬಂದು ಜೊತೆಗಿದ್ದರೆ ಹಿರಿಯರಿಗೆ ಧೈರ್ಯ ಎಂದು ನನ್ನವರು ವಾದಿಸುತ್ತಿದ್ದರು. ಮಾವ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು, “ನೀನು ಇಲ್ಲಿಗೆ ಬಂದು ಕೂತು ಮಾಡುವುದೇನಪ್ಪಾ? ಇಲ್ಲಿಂದ ಸಾಗಿಸುವುದಕ್ಕೆ ಅಕ್ಕಪಕ್ಕದವರಿದ್ದಾರೆ. ಆಸ್ಪತ್ರೆ ಬಾಗಿಲಲ್ಲಿ ಇಳಿದಾಗ ಯಾರಿರುತ್ತಾರೆ ಹೇಳು.” ಅಲ್ಲಿಗೆ ಊರಿನ ಪ್ರಸ್ತಾಪ ಮುಗಿಯಿತು.

ಇನ್ನು ಬೆಂಗಳೂರು. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ, ಟ್ಯಾಂಕರ್‌ಗೆ ಕಾದು ಕೂತವರಲ್ಲಿ ನಾವೂ ಇದ್ದೆವು. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಮೇಲೆತ್ತಿ ತರುವ ಊರಿದು, ಅದು ಬರುವುದೇ ದೊಡ್ಡದು. ಆದರೂ ನೀರಿನ ಕಷ್ಟ ದುಡ್ಡಿನ ಪಾಲಿನದೇ. 27,000 ಬಾಡಿಗೆಯೂ ಅಷ್ಟೇ. ಮೆಟ್ರೊ ಹತ್ತಿರವಿತ್ತು, ಗಿರಾಕಿಗಳೆಲ್ಲ ಅಲ್ಲೇ ಇದ್ದರು, ಬೆಂಗಳೂರನ್ನು ಬೈಯುವವರ ಸಾಲಿಗೆ ನಾನು ಸೇರುವುದಿಲ್ಲ. ನೀಗದ ಕೊರತೆ ಒಂದೇ: ಊರಿಗೆ 350 ಕಿಲೋಮೀಟರಿಗೂ ಹೆಚ್ಚು ದೂರ. ಫೋನು ಬಂದು ನಾವು ಹೊರಟು ತಲುಪುವ ಹೊತ್ತಿಗೆ ಆಗುವುದೆಲ್ಲ ಆಗಿರುತ್ತದೆ.

ನೆಂಟರೆಲ್ಲ ಮೈಸೂರು ಎಂದರು. ಒಳ್ಳೆಯ ಊರೇ. ನಮ್ಮ ಹಳ್ಳಿಗೆ ಅಲ್ಲಿಂದಲೂ ಮುನ್ನೂರು ಕಿಲೋಮೀಟರ್ ಮೀರುತ್ತದೆ, ಹಾಗಾಗಿ ಅದರ ಮಾತು ಅಲ್ಲಿಗೇ ನಿಂತಿತು.

ಶಿವಮೊಗ್ಗ ಯಾರ ಕನಸೂ ಆಗಿರಲಿಲ್ಲ. ಆದರೆ ಆಂಜಿಯೋಪ್ಲಾಸ್ಟಿ ಮಾಡುವ ಆಸ್ಪತ್ರೆಗಳು ಅಲ್ಲಿವೆ, ಸರ್ಕಾರಿ ಮೆಗ್ಗಾನ್ ಆಸ್ಪತ್ರೆ ಇದೆ, ಸಾಗರಕ್ಕೆ ಸುಮಾರು 70 ಕಿಲೋಮೀಟರ್, ಬೆಂಗಳೂರಿಗೆ ಬೆಳಗ್ಗೆ ಜನಶತಾಬ್ದಿ ಹಿಡಿದರೆ ಕೆಲಸ ಮುಗಿಸಿ ರಾತ್ರಿ ವಾಪಸ್. ನೀಗದ ಕೊರತೆಗಳ ಪಾಲಿನಲ್ಲಿ ಅದರ ಹೆಸರಿನ ಮುಂದೆ ಬರೆಯಲು ನನಗೆ ಆಗ ಏನೂ ಸಿಗಲಿಲ್ಲ.

ಬಡಾವಣೆ ಆರಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಶಿವಮೊಗ್ಗದವರು ತುಂಗೆಯ ಮಟ್ಟವನ್ನು ಅಳೆಯುವುದು ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಮಂಟಪದಿಂದ. ಮಂಟಪ ಮುಳುಗಿತೆಂದರೆ ಜನ ಹೊಳೆ ನೋಡಲು ಹೋಗುತ್ತಾರೆ, ತಗ್ಗಿನಲ್ಲಿ ಮನೆ ಇರುವವರು ಸಾಮಾನು ಮೇಲಿಡುತ್ತಾರೆ. 2019ರ ಆಗಸ್ಟಿನ ಪ್ರವಾಹದಲ್ಲಿ ಹೊಳೆ ದಂಡೆಯ ಬಡಾವಣೆಗಳಿಗೆ ನೀರು ನುಗ್ಗಿತ್ತು. ಆದ್ದರಿಂದ ಮನೆ ನೋಡಲು ಹೋದಲ್ಲೆಲ್ಲ ನನ್ನ ಮೊದಲ ಪ್ರಶ್ನೆ 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದು. ಈ ಪ್ರಶ್ನೆಯನ್ನು ದಲ್ಲಾಳಿಗೆ ಕೇಳಿ ಪ್ರಯೋಜನವಿಲ್ಲ. ಎದುರು ಮನೆ ಅಂಗಳದಲ್ಲಿ ರಂಗೋಲಿ ಹಾಕುತ್ತಿರುವವರನ್ನು ಕೇಳಬೇಕು. ನಲ್ಲಿ ನೀರು ಯಾವ ಹೊತ್ತಿಗೆ ಬರುತ್ತದೆ, ಸಂಪು ಎಷ್ಟು ದೊಡ್ಡದು, ಮಾಲೀಕರು ಮೇಲೆಯೇ ಇದ್ದಾರೆಯೇ, ಹಿಂದಿನವರು ಏಕೆ ಬಿಟ್ಟರು ಎಂಬುದೂ ಅವರಿಗೇ ಗೊತ್ತಿರುತ್ತದೆ. ಒಂದು ಮನೆ ನನಗೆ ತುಂಬ ಹಿಡಿಸಿತ್ತು, ಅಡುಗೆಮನೆ ಕಿಟಕಿಗೆ ಹೊಳೆಯೇ ಕಾಣುತ್ತಿತ್ತು. ಪಕ್ಕದ ಮನೆಯ ಅಜ್ಜಿ ಮಾತಾಡದೆ ತಮ್ಮ ಗೋಡೆಯ ಮೇಲೆ ಸೊಂಟದೆತ್ತರದಲ್ಲಿದ್ದ ಕೆಸರು ಬಣ್ಣದ ಗೆರೆಯನ್ನು ತೋರಿಸಿದರು.

ಕೊನೆಗೆ ವಿನೋಬನಗರದಲ್ಲಿ ಮನೆ ಹಿಡಿದೆವು, 12,500 ಬಾಡಿಗೆ, ಹನ್ನೊಂದು ತಿಂಗಳ ಕರಾರು. ಮಗಳ ಏಳನೇ ತರಗತಿ ಮುಗಿಯುವವರೆಗೆ ಕಾದು, 2025ರ ಮೇ ತಿಂಗಳಲ್ಲಿ ಸಾಮಾನು ಸಾಗಿಸಿದೆವು. ಹೇಗೂ ಎಂಟಕ್ಕೆ ಹೈಸ್ಕೂಲು ಶುರುವಾಗುತ್ತದೆ, ಎಷ್ಟೋ ಮಕ್ಕಳಿಗೆ ಹೊಸ ಶಾಲೆಯೇ. ಅವಳನ್ನೂ ಕೇಳಿದೆವು. ಬೇಡ ಎಂದಳು. ಬೇಡ ಎಂದದ್ದನ್ನೂ ನೀಗದ ಪಾಲಿನಲ್ಲಿ ಬರೆದುಕೊಂಡು, ತಿಳಿದೇ ಹೊರಟೆವು. ರಜೆಯಲ್ಲಿ ಬೆಂಗಳೂರಿನ ಗೆಳತಿಯರ ಮನೆಗೆ ಕಳಿಸುತ್ತೇನೆಂಬ ಒಪ್ಪಂದ ಈಗಲೂ ಜಾರಿಯಲ್ಲಿದೆ.

ಉಳಿತಾಯದ ಬಗ್ಗೆ ಯಾರಾದರೂ ಕೇಳಿದರೆ ನಾನು ಬಾಡಿಗೆಯ ವ್ಯತ್ಯಾಸವನ್ನಷ್ಟೇ ಹೇಳುವುದಿಲ್ಲ. ಬಿಲ್ಲುಗಳನ್ನು ಕೈಚೀಲದಲ್ಲಿ ತುಂಬಿ ಕೊಡುತ್ತಿದ್ದ ಕೆಲವು ಹಳೆಯ ಗಿರಾಕಿಗಳು ಬಿಟ್ಟುಹೋದರು. ಫೋಟೊ ತೆಗೆದು ಕಳಿಸಿ ಎಂದರೆ ಅವರಿಗೆ ಬೇಸರ. ಉಳಿದವರು ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಹಾಕುತ್ತಾರೆ. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಭಾಗದಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಬೇಸಿಗೆಯ ಸೆಕೆಗೆ ಬೆಂಗಳೂರಿನಲ್ಲಿ ಇಲ್ಲದಿದ್ದ ಕೂಲರ್ ಕೊಂಡೆವು. ಎಲ್ಲ ಕಳೆದು ತಿಂಗಳಿಗೆ ಉಳಿಯುವುದು ನೆಂಟರು ಊಹಿಸುವುದರ ಅರ್ಧಕ್ಕಿಂತ ಕಡಿಮೆ.

ನಾವು ಬಂದ ಎರಡೇ ತಿಂಗಳಿಗೆ, 2025ರ ಜುಲೈ 14ರಂದು, ಹಿನ್ನೀರಿನ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದದ, ಕೇಬಲ್ ಆಧಾರದ ಸೇತುವೆ, ಹಗಲು ರಾತ್ರಿ ದಾರಿ ತೆರೆದಿರುತ್ತದೆ. ಇನ್ನು ಊರಿಗೇ ಹೋಗಬಹುದಲ್ಲ ಎಂದು ನನ್ನವರು ಮತ್ತೆ ಶುರುಮಾಡಿದರು. ನಾನು ಅದೇ ಹಾಳೆ ತೆಗೆದೆ. ಸೇತುವೆ ಹೊಡೆದುಹಾಕಿದ್ದು ಒಂದು ಸಾಲನ್ನು; ಗೋಪುರದ ಬ್ಯಾಟರಿ ಹಾಗೆಯೇ ಇದೆ, ಹೃದಯದ ವೈದ್ಯರು ಇನ್ನೂ ಶಿವಮೊಗ್ಗದಲ್ಲೇ ಇದ್ದಾರೆ. ಆದರೆ ಅತ್ತೆ, ಮಾವನಿಗೆ ಇಲ್ಲಿಗೆ ಬಂದುಹೋಗುವುದು ಸಲೀಸಾಯಿತು. ತಪಾಸಣೆಗೆಂದು ಬಂದವರು ನಾಲ್ಕು ದಿನ ಇದ್ದು, ಗಾಂಧಿ ಬಜಾರಿನಲ್ಲಿ ಬೇಕಾದ್ದೆಲ್ಲ ಕೊಂಡು ಹೋಗುತ್ತಾರೆ.

ನಿವೇಶನ ತೋರಿಸುತ್ತೇನೆಂದು ದಲ್ಲಾಳಿಯೊಬ್ಬರು ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಮಗಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಬಾಡಿಗೆ ಮನೆಯೇ ಸಾಕೆಂದು ಹೇಳಿದ್ದೇನೆ. ಆಮೇಲೆ ಅವಳು ಎಲ್ಲಿ ಓದುತ್ತಾಳೆ ಎಂಬುದರ ಮೇಲೆ ಹೊಸ ಹಾಳೆ ಬೇಕಾಗುತ್ತದೆ.