ಕಂಪ್ಯೂಟರ್ ತಂತಾನೇ ರೀಸ್ಟಾರ್ಟ್ ಆಗುತ್ತಿದೆಯೇ? ಫಾರ್ಮ್ಯಾಟ್‌ಗೆ ಕೊಡುವ ಮುನ್ನ ಇಷ್ಟು ನೋಡಿ

ಡೆಸ್ಕ್‌ಟಾಪ್ ಹೇಳದೆ ಕೇಳದೆ ರೀಸ್ಟಾರ್ಟ್ ಆಗತೊಡಗಿದರೆ ರಿಪೇರಿ ಅಂಗಡಿಯಲ್ಲಿ ಮೊದಲು ಸಿಗುವ ಉತ್ತರ: ‘ವೈರಸ್ ಇರಬೇಕು ಸಾರ್, ಫಾರ್ಮ್ಯಾಟ್ ಹೊಡೆದುಬಿಡೋಣ.’ ದುಡ್ಡು ಕೊಟ್ಟು, ಇದ್ದಬದ್ದ ಸಾಫ್ಟ್‌ವೇರ್‌ಗಳನ್ನೆಲ್ಲ ಮತ್ತೆ ಹಾಕಿಕೊಂಡು ಕೂತರೆ ನಾಲ್ಕು ದಿನಕ್ಕೆ ಅದೇ ರಾಗ. ಯಾಕೆಂದರೆ ಈ ತೊಂದರೆ ಬಹಳ ಸಲ ವಿಂಡೋಸ್‌ನದ್ದಲ್ಲ. ಕರೆಂಟು, ಬಿಸಿ, ರ್‍ಯಾಮ್ (ಮೆಮೊರಿ) ಈ ಮೂರರಲ್ಲಿ ಯಾವುದೋ ಒಂದರದ್ದು. ನನ್ನನ್ನು ಕೇಳಿದರೆ ಮೊದಲ ಅನುಮಾನ ಕರೆಂಟಿನ ಮೇಲೇ ಇರಲಿ.

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಒಂದು ಚೀಟಿ ಇಟ್ಟುಕೊಂಡು, ಪ್ರತಿ ಸಲ ರೀಸ್ಟಾರ್ಟ್ ಆದಾಗಲೂ ಗಂಟೆ ಎಷ್ಟು, ಆಗ ಏನು ಮಾಡುತ್ತಿದ್ದಿರಿ ಎಂದು ಬರೆಯಿರಿ. ಪಂಪ್‌ಸೆಟ್ಟೋ ಫ್ರಿಜ್ಜೋ ಮಿಕ್ಸಿಯೋ ಚಾಲೂ ಆದ ಗಳಿಗೆಗೇ ಆಗುತ್ತಿದ್ದರೆ ಅದು ಕರೆಂಟಿನ ಕೆಲಸ. ಗೇಮ್ ಆಡುವಾಗ, ವಿಡಿಯೊ ಎಡಿಟ್ ಮಾಡುವಾಗ ಮಾತ್ರ ಆಗುತ್ತಿದ್ದರೆ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಒಗ್ಗುವಂತೆ ಮಾಡಿಕೊಡುವ ಡಬ್ಬಿ) ಭಾರ ತಡೆಯುತ್ತಿಲ್ಲ, ಇಲ್ಲವೇ ಒಳಗೆ ಬಿಸಿ ಏರುತ್ತಿದೆ. ಮೇಜಿನ ಕೆಳಗೆ ಕಾಲು ತಗುಲಿದಾಗ ಆಗುತ್ತಿದ್ದರೆ ಎಲ್ಲೋ ವೈರ್ ಲೂಸ್. ರಾತ್ರಿ ಹಾಗೇ ಬಿಟ್ಟು ಮಲಗಿದಾಗ ಮಾತ್ರ ಆಗುತ್ತಿದ್ದರೆ ಅದು ಬರೀ ವಿಂಡೋಸ್ ಅಪ್‌ಡೇಟ್ ಇದ್ದೀತು.

ಕಂಪ್ಯೂಟರ್ ಬರೆದಿಟ್ಟ ದಿನಚರಿ

ನಿಮ್ಮ ಚೀಟಿಯ ಜೊತೆಗೆ ಕಂಪ್ಯೂಟರ್ ಕೂಡ ಒಂದು ಲೆಕ್ಕ ಇಟ್ಟಿರುತ್ತದೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಇವೆಂಟ್ ವ್ಯೂವರ್’ ತೆರೆಯಿರಿ. ಎಡಗಡೆ ‘ವಿಂಡೋಸ್ ಲಾಗ್ಸ್’, ಅದರೊಳಗೆ ‘ಸಿಸ್ಟಮ್’. ರೀಸ್ಟಾರ್ಟ್ ಆದ ಹೊತ್ತಿನ ಆಸುಪಾಸು ಕೆಂಪು ಗುರುತಿನ ಸಾಲುಗಳನ್ನು ಹುಡುಕಿ. ಹೆಚ್ಚುಕಡಿಮೆ ಎಲ್ಲರಿಗೂ ಕಾಣುವುದು ‘ಕರ್ನೆಲ್-ಪವರ್’, ಸಂಖ್ಯೆ 41. ಇದನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ ಗಾಬರಿಯಾಗುವವರು ಬಹಳ. 41 ಎಂದರೆ ಕಾಯಿಲೆಯ ಹೆಸರಲ್ಲ. ಕಳೆದ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಎಂದಷ್ಟೇ ಅದರ ಅರ್ಥ.

ಉಪಯೋಗಕ್ಕೆ ಬರುವುದು ಅದರೊಳಗಿನ ‘ಡೀಟೇಲ್ಸ್’ ಭಾಗ. ಅಲ್ಲಿ ‘ಬಗ್‌ಚೆಕ್ ಕೋಡ್’ ಎಂಬ ಸಾಲಿರುತ್ತದೆ. ಅದರ ಮುಂದೆ 0 ಇದ್ದರೆ, ಸಾಯುವ ಮುನ್ನ ಒಂದಕ್ಷರ ಬರೆಯುವುದಕ್ಕೂ ವಿಂಡೋಸ್‌ಗೆ ಪುರಸೊತ್ತು ಸಿಕ್ಕಿಲ್ಲ. ಸಾಮಾನ್ಯವಾಗಿ ಕರೆಂಟ್ ತಪ್ಪಿರುತ್ತದೆ, ಇಲ್ಲವೇ ಯಂತ್ರ ಕಲ್ಲಿನಂತೆ ನಿಂತುಬಿಟ್ಟಿರುತ್ತದೆ. 0 ಅಲ್ಲದೆ ಬೇರೆ ಸಂಖ್ಯೆ ಇದ್ದರೆ ನೀಲಿ ಪರದೆ (ದೊಡ್ಡ ದೋಷ ಕಂಡಾಗ ವಿಂಡೋಸ್ ತೋರಿಸುವ ಪರದೆ; ಹೊಸ ವಿಂಡೋಸ್ 11ರಲ್ಲಿ ಅದು ಕಪ್ಪು) ಬಂದು ಹೋಗಿದೆ, ನಿಮಗೆ ಕಂಡಿಲ್ಲ ಅಷ್ಟೆ. 26 ಇದ್ದರೆ ಮೆಮೊರಿ ಕಡೆ ನೋಡಿ. 278 ಗ್ರಾಫಿಕ್ಸ್ ಕಾರ್ಡಿನ ಅಥವಾ ಅದನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್‌ನ ತೊಂದರೆ. 292 ಬಂದರೆ ಹಾರ್ಡ್‌ವೇರ್ ತಾನೇ ದೂರು ಕೊಟ್ಟಿದೆ ಎಂದು ತಿಳಿಯಿರಿ. ‘ಸಿಸ್ಟಮ್’ ಪಟ್ಟಿಯಲ್ಲಿ 1074 ಸಂಖ್ಯೆಯ ಸಾಲು ಕಂಡರೆ ಯಾವುದೋ ಪ್ರೋಗ್ರಾಂ ಅಥವಾ ಅಪ್‌ಡೇಟ್ ಕೇಳಿಕೊಂಡೇ ರೀಸ್ಟಾರ್ಟ್ ಮಾಡಿಸಿದೆ. ವಿಂಡೋಸ್ ಅಪ್‌ಡೇಟ್ ಸೆಟ್ಟಿಂಗ್‌ನಲ್ಲಿ ‘ಆಕ್ಟಿವ್ ಅವರ್ಸ್’ ಸರಿಮಾಡಿಕೊಂಡರೆ ಮುಗಿಯಿತು, ಮುಂದೆ ಓದಬೇಕಾಗಿಯೂ ಇಲ್ಲ.

ನೀಲಿ ಪರದೆ ಕಾಣದೆ ಹೋಗುವುದಕ್ಕೆ ಕಾರಣ ವಿಂಡೋಸ್‌ನ ಒಂದು ಹುಟ್ಟುಗುಣ. ದೋಷ ಕಂಡ ತಕ್ಷಣ ರೀಸ್ಟಾರ್ಟ್ ಆಗು ಎಂದು ಅದಕ್ಕೆ ಮೊದಲೇ ಹೇಳಿಟ್ಟಿರುತ್ತದೆ. ಸ್ಟಾರ್ಟ್‌ನಲ್ಲಿ ‘ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್’ ಎಂದು ಹುಡುಕಿ, ‘ಸ್ಟಾರ್ಟಪ್ ಅಂಡ್ ರಿಕವರಿ’ ಸೆಟ್ಟಿಂಗ್ಸ್ ತೆರೆದು, ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆಯಿರಿ. ಇನ್ನು ಮುಂದೆ ನೀಲಿ ಪರದೆ ಬಂದರೆ ಅಲ್ಲೇ ನಿಲ್ಲುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಟಿಕ್ ತೆಗೆದ ಮೇಲೂ ನೀಲಿಯ ಸುಳಿವಿಲ್ಲದೆ ಫಟ್ಟನೆ ಆರಿ ಹೊತ್ತಿಕೊಂಡರೆ ಫಾರ್ಮ್ಯಾಟ್ ಮಾತು ಬಿಟ್ಟುಬಿಡಿ.

ಗೋಡೆಯಿಂದ ಕ್ಯಾಬಿನೆಟ್‌ವರೆಗೆ

ಯುಪಿಎಸ್ ಇದ್ದರೆ ಮೊದಲು ಅದನ್ನೇ ಹಿಡಿಯಿರಿ. ಮನೆಯ ಸಣ್ಣ ಯುಪಿಎಸ್‌ನೊಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟಿನ, 7 ಆಂಪಿಯರ್-ಅವರ್‌ನ ಆಸುಪಾಸಿನ ಒಂದು ಬ್ಯಾಟರಿ. ನಮ್ಮ ಸೆಕೆಗೆ ಅದು ಎರಡು-ಮೂರು ವರ್ಷ ಬಾಳಿದರೆ ಹೆಚ್ಚು. ಸತ್ತ ಮೇಲೂ ಹಸಿರು ದೀಪ ಉರಿಯುತ್ತಲೇ ಇರಬಹುದು, ಅದನ್ನು ನಂಬಬೇಡಿ. ತೆರೆದ ಫೈಲುಗಳನ್ನೆಲ್ಲ ಸೇವ್ ಮಾಡಿ ಮುಚ್ಚಿ, ಯುಪಿಎಸ್‌ಗೆ ಹೋಗುವ ಗೋಡೆಯ ಸ್ವಿಚ್ ಆರಿಸಿ. ಯುಪಿಎಸ್ ಕುಂಯ್‌ಗುಟ್ಟುತ್ತಾ ಕಂಪ್ಯೂಟರನ್ನು ಹಿಡಿದಿಟ್ಟುಕೊಂಡರೆ ಸರಿ. ಅದೇ ಕ್ಷಣಕ್ಕೆ ರೀಸ್ಟಾರ್ಟ್ ಆದರೆ ಬಹುಪಾಲು ಬ್ಯಾಟರಿಯ ಕಥೆ ಮುಗಿದಿದೆ. ಬ್ಯಾಟರಿ ಒಂದನ್ನೇ ಬದಲಿಸಿದರೂ ಸಾಕು, ಹೊಸ ಯುಪಿಎಸ್ ಬೇಡ. ಯುಪಿಎಸ್ಸನ್ನೇ ತಪ್ಪಿಸಿ ನೇರ ಗೋಡೆಯ ಪ್ಲಗ್‌ಗೆ ಹಾಕಿ ಒಂದೆರಡು ದಿನ ನೋಡುವುದೂ ಒಳ್ಳೆಯ ಪರೀಕ್ಷೆ.

ಮನೆಯ ಇನ್ವರ್ಟರ್‌ನಿಂದಲೇ ಕಂಪ್ಯೂಟರ್ ಓಡಿಸುವವರು ಅದರ ಹಿಂಬದಿ ನೋಡಿ. ಅನೇಕ ಇನ್ವರ್ಟರ್‌ಗಳಲ್ಲಿ ‘ಯುಪಿಎಸ್ ಮೋಡ್’, ‘ನಾರ್ಮಲ್ ಮೋಡ್’ ಎಂಬ ಸಣ್ಣ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿದ್ದರೆ ಬ್ಯಾಟರಿಗೆ ಹೊರಳುವುದು ನಿಧಾನ. ಫ್ಯಾನು, ದೀಪ ಅದನ್ನು ಸಹಿಸಿಕೊಳ್ಳುತ್ತವೆ, ಕಂಪ್ಯೂಟರ್ ಸಹಿಸುವುದಿಲ್ಲ.

ಯಾಕೆ ಸಹಿಸುವುದಿಲ್ಲ ಎಂಬುದರಲ್ಲೇ ಎಸ್‌ಎಂಪಿಎಸ್‌ನ ಗುಟ್ಟಿದೆ. ಕರೆಂಟ್ ಕಡಿದರೂ ಸುಮಾರು 16 ಮಿಲಿಸೆಕೆಂಡ್ ತನ್ನೊಳಗಿನ ಕೆಪಾಸಿಟರ್‌ನಲ್ಲಿ ಕೂಡಿಟ್ಟ ಶಕ್ತಿಯಿಂದಲೇ ಎಸ್‌ಎಂಪಿಎಸ್ ಯಂತ್ರವನ್ನು ನಡೆಸಬೇಕು ಎಂಬುದು ಡೆಸ್ಕ್‌ಟಾಪ್‌ಗಳ ಎಟಿಎಕ್ಸ್ ಮಾನದಂಡದ ಲೆಕ್ಕ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತಿಗೆ 20 ಮಿಲಿಸೆಕೆಂಡ್ ಬೇಕು, ಅಂದರೆ ಆ ಅವಧಿ ಒಂದು ಸುತ್ತೂ ಅಲ್ಲ. ವಯಸ್ಸಾದ, ಒಳಗೆ ಒಣಗಿದ ಕೆಪಾಸಿಟರ್ ಇಷ್ಟನ್ನೂ ತಡೆಯುವುದಿಲ್ಲ. ದೀಪ ಒಮ್ಮೆ ಮಿಟುಕಿದ್ದು ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಕಂಪ್ಯೂಟರ್ ಬಿದ್ದು ಎದ್ದಿರುತ್ತದೆ.

ಕ್ಯಾಬಿನೆಟ್ ಜೊತೆಗೇ ಅಗ್ಗಕ್ಕೆ ಬರುವ ಎಸ್‌ಎಂಪಿಎಸ್‌ಗಳ ಮೈಮೇಲೆ 450 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಅಷ್ಟು ಹೊರುವ ತಾಕತ್ತು ಎಲ್ಲದಕ್ಕೂ ಇರುವುದಿಲ್ಲ. ಮಲ್ಟಿಮೀಟರ್ ಬಳಸಿ ಗೊತ್ತಿದ್ದರೆ ಎಸ್‌ಎಂಪಿಎಸ್‌ನಿಂದ ಬರುವ ನಾಲ್ಕು ಪಿನ್ನಿನ (ಮೊಲೆಕ್ಸ್) ಕನೆಕ್ಟರ್‌ನ ಹಳದಿ ಮತ್ತು ಕಪ್ಪು ವೈರ್ ನಡುವೆ ಅಳೆಯಿರಿ. 11.4ರಿಂದ 12.6 ವೋಲ್ಟ್ ಒಳಗಿರಬೇಕು. ಕೆಂಪು ಮತ್ತು ಕಪ್ಪಿನ ನಡುವೆ 4.75ರಿಂದ 5.25. ಸುಮ್ಮನಿದ್ದಾಗ ಸರಿ ತೋರಿಸಿ, ದೊಡ್ಡ ಕೆಲಸ ಕೊಟ್ಟಾಗ ಕುಸಿದರೆ ಕಳ್ಳ ಸಿಕ್ಕಿದ ಹಾಗೆ. ಮೀಟರ್ ಕೂಡ ಹಿಡಿಯಲಾರದಷ್ಟು ಚುರುಕಾದ ಕುಸಿತಗಳೂ ಉಂಟು. ಹಾಗಾಗಿ ಗೆಳೆಯರ ಬಳಿ ಚೆನ್ನಾಗಿರುವ ಎಸ್‌ಎಂಪಿಎಸ್ ಇದ್ದರೆ ಒಂದೆರಡು ದಿನಕ್ಕೆ ಕಡ ತಂದು ಹಾಕಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಎಸ್‌ಎಂಪಿಎಸ್‌ನ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಅಪಾಯದ ಮಟ್ಟದ ಶಾಕ್ ಕೊಡಬಲ್ಲದು.

ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಎನ್ನುತ್ತಿದ್ದರೆ ಮನೆಯ ಅರ್ತಿಂಗ್ ಸರಿಯಿಲ್ಲ. ಮೂರನೇ ಪಿನ್ ಸುಮ್ಮನೆ ತೂತಿಗೆ ಕೂತಿದ್ದು, ಅದರ ಹಿಂದೆ ವೈರೇ ಇಲ್ಲದಿರಬಹುದು. ಇದಕ್ಕೆ ಕಂಪ್ಯೂಟರ್‌ನವರಲ್ಲ, ಎಲೆಕ್ಟ್ರಿಷಿಯನ್ ಬರಬೇಕು.

ಯಾರೂ ಅನುಮಾನಿಸದ ಗುಂಡಿ

ಇದೊಂದು ಖರ್ಚಿಲ್ಲದ ಪರೀಕ್ಷೆ. ಕ್ಯಾಬಿನೆಟ್ ಮುಂದಿನ ರೀಸೆಟ್ ಗುಂಡಿ ಧೂಳು ಕೂತು ಸಿಕ್ಕಿಹಾಕಿಕೊಂಡರೆ ತಾನಾಗಿಯೇ ಒತ್ತಿದಂತಾಗುತ್ತದೆ. ಕರೆಂಟ್ ಆರಿಸಿ, ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆಯಿರಿ. ಮದರ್‌ಬೋರ್ಡ್‌ನ ಕೆಳಮೂಲೆಯಲ್ಲಿ ಸಣ್ಣ ಸಣ್ಣ ವೈರುಗಳ ಗೊಂಚಲು ಕಾಣುತ್ತದೆ. ಅದರಲ್ಲಿ ‘ರೀಸೆಟ್’ ಎಂದು ಬರೆದ ಎರಡು ಪಿನ್ನಿನ ಕನೆಕ್ಟರನ್ನು ಎಳೆದು ಬಿಟ್ಟುಬಿಡಿ. ಆ ಗುಂಡಿಯಿಲ್ಲದೆ ಕಂಪ್ಯೂಟರಿಗೆ ಯಾವ ನಷ್ಟವೂ ಇಲ್ಲ.

ಮುಚ್ಚಳ ತೆಗೆದಿದ್ದೀರಿ ಎಂದ ಮೇಲೆ ಧೂಳನ್ನೂ ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಗಿರಗಿರ ತಿರುಗಲು ಬಿಡಬೇಡಿ. ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಹೀರುವ ಹೀಟ್‌ಸಿಂಕ್ ಮೆಲ್ಲಗೆ ಅಲುಗಿಸಿ ನೋಡಿ. ಇಂಟೆಲ್‌ನ ಹಲವು ಕೂಲರ್‌ಗಳಿಗೆ ನಾಲ್ಕು ಮೂಲೆಯಲ್ಲಿ ಪ್ಲಾಸ್ಟಿಕ್ ಪಿನ್ನುಗಳಿರುತ್ತವೆ. ಒಂದು ಮೇಲೆದ್ದರೂ ಬಿಸಿ ಸರಿಯಾಗಿ ಇಳಿಯುವುದಿಲ್ಲ. ಹೀಟ್‌ಸಿಂಕ್ ಕಿತ್ತರೆ ಅದಕ್ಕೂ ಪ್ರೊಸೆಸರ್‌ಗೂ ನಡುವೆ ಬಿಸಿ ಸಾಗಿಸುವ ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು, ಬಟಾಣಿ ಕಾಳಿನಷ್ಟು ಸಾಕು. ಮತ್ತೆ ಚಾಲೂ ಮಾಡಿ ಎಚ್‌ಡಬ್ಲ್ಯುಇನ್ಫೋದಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಉಷ್ಣತೆ ನೋಡಿ. ಕೆಲಸದ ನಡುವೆ 80 ಡಿಗ್ರಿ ದಾಟಿದರೆ ಹೆದರಬೇಕಿಲ್ಲ. ಸುಮ್ಮನಿದ್ದಾಗಲೇ 80 ಇದ್ದರೆ ಕೂಲರ್ ಕೂತಿಲ್ಲ. ಒಂದು ಮಾತು: ಪ್ರೊಸೆಸರ್ ಮಿತಿಮೀರಿ ಕಾದರೆ ಕಂಪ್ಯೂಟರ್ ಸಾಮಾನ್ಯವಾಗಿ ಪೂರ್ತಿ ಆರಿಹೋಗುತ್ತದೆ, ರೀಸ್ಟಾರ್ಟ್ ಆಗುವುದು ಕಡಿಮೆ.

ರ್‍ಯಾಮ್, ಡ್ರೈವರ್

ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ರ್‍ಯಾಮ್‌ನ ಚಿನ್ನದ ಬಣ್ಣದ ಅಂಚು ಮಂಕಾಗುತ್ತದೆ. ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ, ಎರಡೂ ಕಡೆಯ ಕ್ಲಿಪ್ ಟಿಕ್ಕೆನ್ನುವವರೆಗೆ ಕೂರಿಸಿ. ಎರಡು ರ್‍ಯಾಮ್ ಇದ್ದರೆ ಒಂದು ತೆಗೆದಿಟ್ಟು ಓಡಿಸಿ, ಆಮೇಲೆ ಅದಲು ಬದಲು ಮಾಡಿ. ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಕೈಗೆ ಸಿಗುವ ಸಾಧನ, ಆದರೆ ಸ್ವಲ್ಪ ಮೆದು. ಪೆನ್‌ಡ್ರೈವ್‌ನಿಂದ ಬೂಟ್ ಮಾಡುವ ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ಎರರ್ ಇದ್ದರೂ ಆ ರ್‍ಯಾಮ್ ನಂಬಿಕೆಗೆ ಯೋಗ್ಯವಲ್ಲ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್) ಎಕ್ಸ್‌ಎಂಪಿ (ಮೆಮೊರಿಯನ್ನು ಹೆಚ್ಚು ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಇದ್ದರೆ ಅದನ್ನು ಆಫ್ ಮಾಡಿ ಇನ್ನೊಮ್ಮೆ ಪರೀಕ್ಷಿಸಿಯೇ ತೀರ್ಮಾನಕ್ಕೆ ಬನ್ನಿ.

ಡ್ರೈವರ್ ಸರದಿ ಬರುವುದು ನೀಲಿ ಪರದೆ ಕಂಡಾಗ ಮಾತ್ರ. ಗ್ರಾಫಿಕ್ಸ್ ಡ್ರೈವರನ್ನು ತಯಾರಕರ ಜಾಲತಾಣದಿಂದಲೇ ಇಳಿಸಿಕೊಂಡು ಹಾಕಿ. ಮದರ್‌ಬೋರ್ಡ್‌ನ ನಾಣ್ಯದಂಥ ಸೆಲ್ ಬದಲಿಸಿ ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಾಗಿ. ಅದು ಸತ್ತರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಬಯೋಸ್ ಸೆಟ್ಟಿಂಗ್ ಮರೆಯುತ್ತದೆ, ನಡುಕೆಲಸದಲ್ಲಿ ರೀಸ್ಟಾರ್ಟ್ ಆಗುವುದು ಅದರಿಂದಲ್ಲ.

ಎಲ್ಲದಕ್ಕೂ ಅನ್ವಯಿಸುವ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಒಂದೆರಡು ದಿನ ಕಾಯುವುದು. ರ್‍ಯಾಮ್ ಉಜ್ಜಿ, ಡ್ರೈವರ್ ಹಾಕಿ, ಯುಪಿಎಸ್ ತಪ್ಪಿಸಿದ್ದನ್ನೆಲ್ಲ ಒಂದೇ ಸಂಜೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ನಿಲ್ಲದಿದ್ದರೆ ಉಳಿಯುವುದು ಮುಖ್ಯವಾಗಿ ಮದರ್‌ಬೋರ್ಡ್. ಹಳೆಯ ಬೋರ್ಡ್ ಆದರೆ ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ, ಕಂದು ದ್ರವ ಸೋರಿದೆಯೇ ನೋಡಿ. ಅಂಗಡಿಗೆ ಒಯ್ಯುವ ಮುನ್ನ ನಿಮ್ಮ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಚೀಟಿ, ಇವೆಂಟ್ ವ್ಯೂವರ್‌ನ ಫೋಟೊ ಎರಡನ್ನೂ ಜೊತೆಗೆ ಒಯ್ಯಿರಿ. ‘ಎಸ್‌ಎಂಪಿಎಸ್ ಬದಲಿಸಿ ನೋಡಿದ್ದೇನೆ, ರ್‍ಯಾಮ್ ಟೆಸ್ಟ್ ಪಾಸಾಗಿದೆ, ಬಗ್‌ಚೆಕ್ ಸೊನ್ನೆ ಬರುತ್ತಿದೆ’ ಎಂದು ಮೊದಲೇ ಹೇಳಿ. ಹೊಸ ಬಿಡಿಭಾಗ ಬೇಕೆಂದರೆ, ಬಿಲ್ ಹಾಕುವ ಮೊದಲು ಅವರ ಬಳಿ ಇರುವುದನ್ನೇ ಹಾಕಿ ಅರ್ಧ ದಿನ ಓಡಿಸಿ ತೋರಿಸಲು ಕೇಳಿ.