‘ನಮ್ಮೂರಿಗೆ ಬಸ್ಸಿಲ್ಲ’ ಅಂದರೆ ಎಷ್ಟು ಗಂಟೆಗೆ ಇಲ್ಲ?

‘ನಮ್ಮೂರಿಗೆ ಬಸ್ಸೇ ಇಲ್ಲ’ ಎಂಬ ಮಾತು ಹಿಡಿದು ಡಿಪೋಗೆ ಹೋದರೆ ಕೆಲಸ ಆಗುವುದಿಲ್ಲ. ಅಲ್ಲಿ ಟೈಂಟೇಬಲ್ ಇರುತ್ತದೆ, ಅದರಲ್ಲಿ ನಿಮ್ಮೂರಿಗೆ ನಾಲ್ಕು ಟ್ರಿಪ್ ಇರುತ್ತದೆ, ಅಲ್ಲಿಗೆ ಮಾತು ಮುಗಿಯಿತು. ದಾವಣಗೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ನಾವು ಮಾಡಿದ್ದು ಆ ದೂರನ್ನು ಒಂದು ಸಾಲಿಗೆ ಇಳಿಸುವ ಕೆಲಸ: ಯಾವ ಸ್ಟಾಪು, ಎಷ್ಟು ಗಂಟೆ, ಯಾವ ಕಡೆಗೆ, ಎಷ್ಟು ಜನ, ಈಗ ಹೇಗೆ ಹೋಗುತ್ತಿದ್ದಾರೆ. ಐದರಲ್ಲಿ ಒಂದು ಬಿಟ್ಟರೂ ಅರ್ಜಿ ಕಡತದಲ್ಲೇ ಮಲಗುತ್ತದೆ.

ಕೇಳುವ ಜಾಗ ಮುಖ್ಯ. ಗ್ರಾಮಸಭೆ ಒಂದನ್ನೇ ನಂಬಬೇಡಿ. ಅದು ಸೇರುವ ಹೊತ್ತಿಗೆ ಮಕ್ಕಳು ಕಾಲೇಜಿನಲ್ಲಿ, ಕೂಲಿಯವರು ಹೊಲದಲ್ಲಿ. ಉಳಿದವರು ಬೈಕ್ ಇರುವ ಗಂಡಸರು. ಬೆಳಿಗ್ಗೆ ಹಾಲಿನ ಡೇರಿ, ಸಂಜೆ ಕಾಲೇಜು ಬಿಟ್ಟಾಗ ಗೇಟು, ಸ್ವಸಹಾಯ ಸಂಘದ ಸಭೆ, ಸಂತೆಯ ದಿನ ವಾಪಸ್ ಬರುವ ಸ್ಟಾಪು – ಈ ನಾಲ್ಕು ಕಡೆ ಕೇಳಿದ ಮೇಲೆ ಗ್ರಾಮಸಭೆಗೆ ಹೋಗಿ ನಡಾವಳಿ ಬರೆಸಿ.

ನಾವು ಫಾರಂ ತುಂಬಿಸುವುದನ್ನು ಬಿಟ್ಟು ಕಾಳು ಇಡಿಸಿದೆವು. ಗುಡಿ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಉದ್ದನೆಯ ಗೆರೆ, ಬೆಳಿಗ್ಗೆ 5.30ರಿಂದ ರಾತ್ರಿ 9.30ರವರೆಗೆ ಅರ್ಧರ್ಧ ಗಂಟೆಗೆ ಒಂದರಂತೆ 32 ಮನೆ. ಗೆರೆಯ ಮೇಲ್ಗಡೆ ಊರಿಂದ ಹೊರಡುವುದು, ಕೆಳಗಡೆ ವಾಪಸ್ ಬರುವುದು. ಒಬ್ಬೊಬ್ಬರಿಗೆ ನಾಲ್ಕು ಕಾಳು, ಎರಡು ಹೋಗಲಿಕ್ಕೆ, ಎರಡು ಬರಲಿಕ್ಕೆ. ಹೆಂಗಸರಿಗೆ ಮೆಕ್ಕೆಜೋಳ, ಗಂಡಸರಿಗೆ ಅಲಸಂದಿ, ಓದುವ ಮಕ್ಕಳಿಗೆ ಕಡಲೆ. ಎಲ್ಲರೂ ಇಟ್ಟಾದ ಮೇಲೆ ಈಗಿರುವ ಬಸ್ಸಿನ ಹೊತ್ತಿಗೆ ಬೆಂಕಿಕಡ್ಡಿ ಇಡಬೇಕು: ಸರ್ಕಾರಿ ಕೆಂಪು ಬಸ್ಸಿಗೆ ಇಡೀ ಕಡ್ಡಿ, ಪ್ರೈವೇಟಿಗೆ ಮುರಿದ ಕಡ್ಡಿ. ಕಾಳು ಗುಡ್ಡೆ ಬಿದ್ದು ಕಡ್ಡಿ ಇಲ್ಲದ ಮನೆ ಎದ್ದು ಕಾಣುತ್ತದೆ, ಯಾರೂ ವಿವರಿಸಬೇಕಿಲ್ಲ. ಕೋಳಿ ಬರುವ ಮೊದಲು ಮೇಲಿನಿಂದ ಫೋಟೊ ತೆಗೆದುಕೊಳ್ಳಿ.

ಕಡ್ಡಿಯನ್ನು ಮೊದಲೇ ಇಟ್ಟರೆ ಕೆಟ್ಟಿತು. ಜನ ಇರುವ ಬಸ್ಸಿನ ಹೊತ್ತಿಗೇ ಕಾಳು ಇಡುತ್ತಾರೆ. ‘ಎಷ್ಟೊತ್ತಿಗೆ ಬಸ್ಸು ಬೇಕು’ ಅಂತಲೂ ಕೇಳಬಾರದು. ‘ಅಲ್ಲಿ ಎಷ್ಟೊತ್ತಿಗೆ ಮುಟ್ಟಬೇಕು, ಎಷ್ಟೊತ್ತಿಗೆ ಬಿಡುತ್ತಾರೆ’ ಎಂದು ಕೇಳಿ. ಇನ್ನೊಂದು ಪ್ರಶ್ನೆ ತಪ್ಪದೆ ಬೇಕು: ‘ಬಸ್ಸಿಲ್ಲ ಅಂತ ಏನು ಬಿಟ್ಟಿರಿ?’ ಪಿಯುಸಿ ಆದ ಮೇಲೆ ಮನೆಯಲ್ಲಿ ಕೂತ ಹುಡುಗಿ ಯಾವ ಸ್ಟಾಪಿನ ಎಣಿಕೆಯಲ್ಲೂ ಸಿಗುವುದಿಲ್ಲ.

ಮುರಿದ ಕಡ್ಡಿಗೆ ಕಾರಣ ಇದೆ. ಮಧ್ಯ ಕರ್ನಾಟಕದಲ್ಲಿ ಪ್ರೈವೇಟ್ ಬಸ್ಸುಗಳೇ ಜಾಸ್ತಿ ಇರುವ ರೂಟುಗಳಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಮಕ್ಕಳ ರಿಯಾಯಿತಿ ಪಾಸೂ ಅಲ್ಲೇ. ಹಾಗಾಗಿ ಅರ್ಧ ಗಂಟೆಗೊಂದು ಬಸ್ಸಿರುವ ರೋಡಿನಲ್ಲೂ ಕೂಲಿ ಹೆಂಗಸಿನ ಲೆಕ್ಕಕ್ಕೆ ದಿನಕ್ಕೆ ಮೂರೇ ಬಸ್ಸು ಇರಬಹುದು. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಕೊರತೆಯೇ ಮಾಯವಾಗುತ್ತದೆ.

ಕಾಳಿನ ಲೆಕ್ಕ ಬೇಡಿಕೆ ಮಾತ್ರ, ಅದು ಉಬ್ಬಿರುತ್ತದೆ. ಅದಕ್ಕೆ ಸ್ಟಾಪಿನಲ್ಲಿ ನಿಂತು ಎಣಿಸಬೇಕು. ಸ್ಟಾಪಿಗೆ ಇಬ್ಬರು, ಒಬ್ಬರು ಎಣಿಸಲು, ಒಬ್ಬರು ಬರೆಯಲು. ಮೂರು ದಿನ: ಮಾಮೂಲಿ ದಿನ, ಸಂತೆ ದಿನ, ಭಾನುವಾರ. ಪ್ರತಿ ಬಸ್ಸಿಗೂ ಬರಬೇಕಾದ ಹೊತ್ತು, ಬಂದ ಹೊತ್ತು, ಕಾಯುತ್ತಿದ್ದವರು, ಹತ್ತಿದವರು, ಉಳಿದವರು, ಬೇಸತ್ತು ಆಟೊ ಹತ್ತಿದವರು. ಕೊನೆಯ ಕಾಲಂ ಬಿಡಬೇಡಿ. ತುಂಬಿ ತುಳುಕುವ ಲಗೇಜ್ ಆಟೊವೇ ಬಸ್ಸು ಬೇಕೆಂಬುದಕ್ಕೆ ಗಟ್ಟಿ ಸಾಕ್ಷಿ. ಮೆಕ್ಕೆಜೋಳದ ಕಟಾವು, ಜಾತ್ರೆ, ಪರೀಕ್ಷೆ ರಜೆಯ ವಾರಗಳಲ್ಲಿ ಎಣಿಸಬೇಡಿ.

ಊರಿನ ಹೆಸರು ಬೋರ್ಡಿನಲ್ಲಿದ್ದು ಬಸ್ಸು ಕ್ರಾಸಿನಲ್ಲೇ ಹೋಗುವುದು ಇನ್ನೊಂದು ಮೋಸ. ಕ್ರಾಸಿನಿಂದ ಊರಿಗೆ ಎಷ್ಟು ಕಿಲೋಮೀಟರ್, ದಾರಿಯಲ್ಲಿ ಬೀದಿದೀಪ ಇದೆಯೇ, ಬರೆಯಿರಿ. ಆನಗೋಡು, ಭರಮಸಾಗರದಂಥ ರಾಷ್ಟ್ರೀಯ ಹೆದ್ದಾರಿ 48ರ ಊರುಗಳಲ್ಲಿ ಜನ ಸರ್ವಿಸ್ ರೋಡಿನಲ್ಲಿ ನಿಂತಿದ್ದಾರೋ, ಬಸ್ಸು ಮೇನ್ ರೋಡಿನಲ್ಲೇ ಹೋಯಿತೋ ಎಂಬುದನ್ನೂ ಗುರುತು ಮಾಡಿ.

ಕೇಳುವಾಗ ಹೊಸ ಬಸ್ಸು ಕೇಳುವುದು ಕೊನೆಗೆ. ಮೊದಲು ಇರುವ ಟ್ರಿಪ್ಪನ್ನು 20 ನಿಮಿಷ ಮುಂದೂಡಲು ಕೇಳಿ, ಇಲ್ಲವೇ ಕ್ರಾಸಿನಿಂದ ಒಳಗೆ ಬಂದು ಹೋಗಲು ಕೇಳಿ. ಕ್ರಾಸಿನಿಂದ 3 ಕಿ.ಮೀ. ಇದ್ದರೆ ಹೋಗಿ ಬರಲು 6, ದಿನಕ್ಕೆ ಎರಡು ಸಲ ಎಂದರೆ 12 ಕಿ.ಮೀ.; ಈ ಲೆಕ್ಕ ಅರ್ಜಿಯಲ್ಲೇ ಇರಲಿ, ಡೀಸೆಲ್ ಖರ್ಚನ್ನು ಅವರೇ ಹಾಕಿಕೊಳ್ಳುತ್ತಾರೆ. ಊರಲ್ಲಿ ಬಸ್ಸು ತಿರುಗಿಸಲು ಸುಮಾರು 25 ಮೀಟರ್ ಅಗಲದ ಬಯಲು ಇದೆಯೇ, ಹುಣಸೆ ಕೊಂಬೆ, ಕರೆಂಟ್ ತಂತಿ ತಗ್ಗಿವೆಯೇ, ಫೋಟೊ ಹಚ್ಚಿ. ನೈಟ್ ಹಾಲ್ಟ್ ಕೇಳಿದರೆ ಡ್ರೈವರ್, ಕಂಡಕ್ಟರ್ ಮಲಗಲು ಕೋಣೆ, ಶೌಚಾಲಯ ಪಂಚಾಯಿತಿಯಿಂದ ಕೊಡುತ್ತೇವೆಂದು ನಡಾವಳಿಯಲ್ಲಿ ಸೇರಿಸಿ.

ವಿಳಾಸದ ಎಡವಟ್ಟು ಬಹಳ. ‘ಡಿಸಿಗೆ ಕೊಡಿ’ ಅಂತ ಬಸ್ ಸ್ಟ್ಯಾಂಡಿನಲ್ಲಿ ಹೇಳಿದರೆ ಅದು ಸಾರಿಗೆ ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿ, ಜಿಲ್ಲಾಧಿಕಾರಿ ಅಲ್ಲ. ಪ್ರೈವೇಟ್ ಬಸ್ಸಿನ ಪರ್ಮಿಟ್ಟು, ವೇಳೆಯ ತಕರಾರಾದರೆ ಮಾತ್ರ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಎರಡೂ ಕಡೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಬಸ್ಸು ಬಂದ ಮೇಲೂ 15 ದಿನ ಎಣಿಸಿ. ಉಚಿತ ಅಂತ ಹೆಂಗಸರು ಶೂನ್ಯ ಟಿಕೆಟ್ ತೆಗೆದುಕೊಳ್ಳದೆ ಇಳಿದರೆ ಮಷಿನ್ನಿನ ಲೆಕ್ಕದಲ್ಲಿ ಆ ಟ್ರಿಪ್ಪು ಖಾಲಿ. ಪಾಸಿನ ಮಕ್ಕಳಿಗೂ ಟಿಕೆಟ್ ಹರಿಯುವುದಿಲ್ಲ, ಅವರ ತಲೆಯನ್ನು ನಾವೇ ಬರೆದಿಡಬೇಕು.