ಗೀಸರ್ ತೊಟ್ಟಿಕ್ಕುತ್ತಿದೆಯೇ? ಮೊದಲು ಎಲ್ಲಿಂದ ಅಂತ ನೋಡಿ

ಡಿಸೆಂಬರ್ ಬಂತೆಂದರೆ ಪುಣೆಯಲ್ಲಿ ಬೆಳಗಿನ ಚಳಿ ಜೋರು. ಗೀಸರ್‌ಗೆ ಬಿಡುವೇ ಇರುವುದಿಲ್ಲ. ಅದುವರೆಗೆ ಯಾರೂ ಗಮನಿಸದ ಸೋರಿಕೆ ಕಣ್ಣಿಗೆ ಬೀಳುವುದೂ ಆಗಲೇ. ಕೆಳಗೆ ಬಕೆಟ್ ಇಟ್ಟು ದಿನ ದೂಡಬೇಡಿ. ಹಾಗಂತ ಹೊಸ ಗೀಸರ್ ತರಲು ಅಂಗಡಿಗೂ ಓಡಬೇಡಿ. ನೀರು ಯಾವ ಜಾಗದಿಂದ ಬರುತ್ತಿದೆ ಅನ್ನುವುದು ಮೊದಲು ಗೊತ್ತಾಗಬೇಕು. ಒಂದು ಕಡೆಯಿಂದಾದರೆ ಸಣ್ಣ ವಾಷರ್ ಸಾಕು, ಇನ್ನೊಂದು ಕಡೆಯಿಂದಾದರೆ ಗೀಸರ್ ಬದಲಿಸಲೇಬೇಕು.

ಮೊದಲು ಕರೆಂಟ್

ಮೇನ್ ಬೋರ್ಡ್‌ನಲ್ಲಿ ಗೀಸರ್‌ಗೆ ಸೇರಿದ ಎಂಸಿಬಿ, ಅಂದರೆ ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್, ಇಳಿಸಿ. ಪ್ಲಗ್ ಮೇಲೆ ನೀರು ಹರಿದಿದ್ದರೆ ಬಾತ್‌ರೂಮಿನ ಸ್ವಿಚ್ ಮುಟ್ಟಲೇಬೇಡಿ, ನೇರ ಎಂಸಿಬಿ ಹತ್ತಿರ ಹೋಗಿ. ನಲ್ಲಿ ಮುಟ್ಟಿದಾಗ ಚುರ್ ಅಂದ ಅನುಭವ ಒಮ್ಮೆಯಾದರೂ ಆಗಿದ್ದರೆ ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಗೀಸರ್ ಬಳಸಬಾರದು. ಪೇಠೆಗಳ ಹಳೆಯ ವಾಡೆಗಳಲ್ಲಿ, ಹಳೆಯ ಕಟ್ಟಡಗಳಲ್ಲಿ ಇರುವವರು, ಕರೆಂಟ್ ಸೋರಿದರೆ ತಕ್ಷಣ ಕಡಿದುಹಾಕುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯಾ ಅಂತ ಕೇಳಿ ತಿಳಿದುಕೊಳ್ಳಿ. ಎಂಸಿಬಿ ವೈರಿಂಗನ್ನು ಕಾಯುತ್ತದೆ, ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ.

ನೀರು ಧಾರಾಕಾರ ಸುರಿಯುತ್ತಿದ್ದರೆ ತಣ್ಣೀರು ಒಳಹೋಗುವ ಪೈಪಿನ ಆಂಗಲ್ ಕಾಕ್ ಕೂಡಲೇ ಬಂದ್ ಮಾಡಿ. ಗೀಸರ್ ಕೆಳಗೆ ನೀಲಿ ಗುರುತಿರುವ ಕಡೆ ಅದು. ವರ್ಷಗಟ್ಟಲೆ ತಿರುಗಿಸದ ಕಾಕ್ ಜಾಮ್ ಆಗಿದ್ದರೆ ಬಲ ಹಾಕಬೇಡಿ. ಟೆರೇಸ್ ಮೇಲೆ ನಿಮ್ಮ ಮನೆಯ ಲೈನಿನ ವಾಲ್ವ್ ಯಾವುದು ಅಂತ ವಾಚ್‌ಮನ್‌ಗೆ ಗೊತ್ತಿರುತ್ತದೆ.

ಬರೀ ತೊಟ್ಟಿಕ್ಕುತ್ತಿದ್ದರೆ ಕಾಕ್ ಈಗಲೇ ಮುಚ್ಚಬೇಡಿ. ಬಿಸಿನೀರಿನ ನಲ್ಲಿ ತಿರುಗಿಸಿ, ತಣ್ಣೀರು ಬರುವವರೆಗೆ ಬಿಡಿ. ಕಾಕ್ ಮುಚ್ಚಿಬಿಟ್ಟರೆ ಟ್ಯಾಂಕ್ ಈ ನಲ್ಲಿಯಿಂದ ಖಾಲಿಯಾಗುವುದಿಲ್ಲ. ನೆಟ್ಟಗೆ ನಿಲ್ಲಿಸಿದ ಗೀಸರ್‌ನಲ್ಲಿ ಬಿಸಿನೀರಿನ ಪೈಪಿನ ಬಾಯಿ ಟ್ಯಾಂಕಿನ ಮೇಲ್ತುದಿಯಲ್ಲಿರುತ್ತದೆ. ಕೆಳಗಿನಿಂದ ತಣ್ಣೀರು ತಳ್ಳಿದರೆ ಮಾತ್ರ ಬಿಸಿನೀರು ಹೊರಗೆ. ಬಿಸಿನೀರು ಹೊರಹೋಗುವ ಮೊದಲೇ ಪೈಪಿನ ನಟ್ ಬಿಚ್ಚಿದರೆ 25 ಲೀಟರ್ ಕುದಿಬಿಸಿ ನೀರು ಮೈಮೇಲೆ ಬಂದೀತು.

ಒಣ ಬಟ್ಟೆ, ನಾಲ್ಕು ಚೂರು ಟಿಶ್ಯೂ

ತೊಟ್ಟು ಬೀಳುವ ಜಾಗವೇ ಸೋರುವ ಜಾಗ ಅಂದುಕೊಳ್ಳಬೇಡಿ. ನೀರು ಮೈಗುಂಟ ಜಾರಿ ಎಲ್ಲೋ ಕೆಳಗೆ ಬಂದು ಬೀಳುತ್ತದೆ. ಗೀಸರನ್ನು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಒರೆಸಿ. ಎರಡೂ ಪೈಪಿನ ನಟ್‌ಗಳಿಗೆ, ತಣ್ಣೀರಿನ ಪೈಪಿಗೆ ಕೂರಿಸಿದ, ಹೆಚ್ಚಾದ ಒತ್ತಡ ಹೊರಬಿಡುವ ಸೇಫ್ಟಿ ವಾಲ್ವ್‌ನ ಮೂತಿಗೆ, ಕೆಳಗಿನ ಪ್ಲಾಸ್ಟಿಕ್ ಮುಚ್ಚಳದ ಅಂಚಿಗೆ ಟಿಶ್ಯೂ ಸುತ್ತಿ. ಹತ್ತು ಹದಿನೈದು ನಿಮಿಷ ಬಿಟ್ಟು ಬನ್ನಿ. ಮೊದಲು ಒದ್ದೆಯಾದದ್ದು ಯಾವುದೋ ಅಲ್ಲೇ ಸೋರಿಕೆ.

ನಟ್ ಆಗಿದ್ದರೆ ಸುಲಭ. ಕನೆಕ್ಷನ್ ಪೈಪಿನೊಳಗಿನ ರಬ್ಬರ್ ವಾಷರ್ ಬಿಸಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಕಾಕ್ ಬಂದ್ ಮಾಡಿ ವಾಷರ್ ಬದಲಿಸಿ. ಸ್ಟೀಲ್ ಹೆಣಿಗೆ ತುಕ್ಕು ಹಿಡಿದಿದ್ದರೆ ಪೈಪನ್ನೇ ಬದಲಿಸಿ. ಒಂದು ಸ್ಪ್ಯಾನರ್‌ನಲ್ಲಿ ನಿಪ್ಪಲ್ (ಟ್ಯಾಂಕಿನಿಂದ ಹೊರಬಂದ ಗಿಡ್ಡ ಪೈಪು) ಹಿಡಿದು ಇನ್ನೊಂದರಲ್ಲಿ ನಟ್ ತಿರುಗಿಸಿ. ಇಲ್ಲದಿದ್ದರೆ ನಿಪ್ಪಲ್ ತಿರುಗಿ ಟ್ಯಾಂಕಿನ ಬೆಸುಗೆಗೇ ಪೆಟ್ಟು.

ಸೇಫ್ಟಿ ವಾಲ್ವ್ ತೊಟ್ಟಿಕ್ಕಿದರೆ

ಇಲ್ಲೇ ಜನ ಜಾಸ್ತಿ ಎಡವುವುದು. ನಮ್ಮ ಸೊಸೈಟಿಯ ಬೆಳಗಾವಿ ಕಾಕು ಮನೆಗೆ ಹೋದಾಗ ವಾಲ್ವ್‌ನ ಮೂತಿಗೆ ಯಾರೋ ಬಿಗಿಯಾಗಿ ಕ್ಯಾಪ್ ಹಾಕಿ, ಮೇಲೆ ಎಂ-ಸೀಲ್ ಮೆತ್ತಿದ್ದು ಕಂಡಿತು. "ಈಗ ಒಂದ್ ಹನಿನೂ ಬೀಳಂಗಿಲ್ಲ ನೋಡವಾ" ಅಂದರು ಕಾಕು. "ಕಾಕು, ಅದು ಬೀಳಬೇಕು ಅಂತಲೇ ಇಟ್ಟಿರೋದು" ಅಂದು, ಆವತ್ತೇ ಗೀಸರ್ ಬಂದ್ ಮಾಡಿಸಿದ್ದಾಯಿತು.

ಕಾರಣ ಸರಳ. 25 ಲೀಟರ್ ನೀರು 25 ಡಿಗ್ರಿಯಿಂದ 65 ಡಿಗ್ರಿಗೆ ಕಾದರೆ ಸುಮಾರು 400 ಮಿಲಿಲೀಟರ್‌ನಷ್ಟು ಹಿಗ್ಗುತ್ತದೆ. ವಾಲ್ವ್ ಅದನ್ನು ತಣ್ಣೀರಿನ ಪೈಪಿಗೆ ವಾಪಸ್ ಬಿಡುವುದಿಲ್ಲ. ಒತ್ತಡ 8 ಬಾರ್ ಆಸುಪಾಸು ತಲುಪಿದಾಗ ಮೂತಿಯಿಂದ ಹೊರಹಾಕುತ್ತದೆ. ಅಂದರೆ ಕಾಯುವಾಗ ನಾಲ್ಕು ಹನಿ ಬಿದ್ದರೆ ಅದು ಕೆಟ್ಟಿಲ್ಲ, ಕೆಲಸ ಮಾಡುತ್ತಿದೆ. ಮೂತಿಗೆ ಸಣ್ಣ ಪೈಪ್ ಸಿಕ್ಕಿಸಿ ನೆಲದ ಮೋರಿಗೆ ಇಳಿಬಿಡಿ, ಪೈಪಿನ ತುದಿ ತೆರೆದೇ ಇರಲಿ. ಮೂತಿ ಮುಚ್ಚಿದ್ದಾಗ, ನೀರು ಸಾಕಷ್ಟು ಕಾದೊಡನೆ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಕೂಡ ಕೈಕೊಟ್ಟರೆ ಟ್ಯಾಂಕ್ ಸಿಡಿಯಬಹುದು. ದಯವಿಟ್ಟು ಅದನ್ನು ಯಾರಿಗೂ ಮುಚ್ಚಲು ಬಿಡಬೇಡಿ.

ಗೀಸರ್ ತಣ್ಣಗಿರುವಾಗಲೂ ಹನಿ ನಿಲ್ಲದಿದ್ದರೆ ವಾಲ್ವ್‌ನಲ್ಲಿ ಕಸ ಕೂತಿದೆ, ಇಲ್ಲವೇ ಸ್ಪ್ರಿಂಗ್ ಹೋಗಿದೆ, ಅದನ್ನು ಬದಲಿಸಿ. ಹೊಸದೂ ಹಾಗೇ ಸೋರಿದರೆ ನೀರಿನ ಒತ್ತಡ ನೋಡಬೇಕು. ಪ್ರತಿ 10 ಮೀಟರ್ ಎತ್ತರಕ್ಕೆ 1 ಬಾರ್ ಒತ್ತಡ. ವಾಕಡ್, ಬಾಣೇರ್ ಕಡೆಯ 20 ಮಹಡಿ ಕಟ್ಟಡಗಳಲ್ಲಿ ಟೆರೇಸ್ ಟ್ಯಾಂಕಿನ ನೀರು ಕೆಳಗಿನ ಮನೆಗೆ 6 ಬಾರ್‌ನಷ್ಟು ಜೋರಲ್ಲಿ ಇಳಿಯಬಹುದು. ಲೈನಿಗೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿದ್ದಾರಾ, ಅದು ಸರಿ ಇದೆಯಾ ಅಂತ ಸೊಸೈಟಿ ಆಫೀಸಿನಲ್ಲಿ ಕೇಳಿ.

ಮುಚ್ಚಳದೊಳಗಿನಿಂದ ಬಂದರೆ

ಕೆಳಗಿನ ಮುಚ್ಚಳದ ಅಂಚು ಒದ್ದೆಯಾದರೆ ನೀವು ಬಿಚ್ಚಬೇಡಿ. ಒಳಗೆ ಎಲಿಮೆಂಟ್, ಥರ್ಮೋಸ್ಟಾಟ್, ಕರೆಂಟಿನ ತಂತಿಗಳಿವೆ. ಹೆಚ್ಚಾಗಿ ಹೋಗಿರುವುದು ಗ್ಯಾಸ್ಕೆಟ್, ಅಂದರೆ ಸಂದಿಯಿಂದ ನೀರು ಸೋರದಂತೆ ತಡೆಯುವ ರಬ್ಬರ್ ಬಿಲ್ಲೆ. ಟೆಕ್ನಿಷಿಯನ್ ಬಿಚ್ಚಿದಾಗ ಪಕ್ಕದಲ್ಲೇ ನಿಂತು ಮೆಗ್ನೀಸಿಯಂ ರಾಡ್ ತೋರಿಸಲು ಹೇಳಿ. ಟ್ಯಾಂಕಿನ ಬದಲು ತಾನು ಸವೆಯಲೆಂದೇ ಅದನ್ನು ಹಾಕಿರುತ್ತಾರೆ. ಸವೆದು ಒಳಗಿನ ತಂತಿ ಕಾಣುತ್ತಿದ್ದರೆ ಆಗಲೇ ಹೊಸದು ಹಾಕಿಸಿ. ವಾಘೋಲಿ, ಉಂಡ್ರಿ ಕಡೆ ಟ್ಯಾಂಕರ್ ಅಥವಾ ಬೋರ್ ನೀರು ಬಳಸುವವರ ಎಲಿಮೆಂಟ್ ಮೇಲೆ ಬಿಳಿ ಪದರ ದಪ್ಪಗೆ ಕೂತಿರುತ್ತದೆ. ಅಂಥ ಮನೆಯವರು ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸುವುದು ಒಳ್ಳೆಯದು.

ನಟ್, ವಾಲ್ವ್, ಗ್ಯಾಸ್ಕೆಟ್ ಎಲ್ಲ ಸರಿಯಿದ್ದು ಹೊರಮೈಯ ಸಂದಿಯಿಂದ ತುಕ್ಕುಬಣ್ಣದ ನೀರು ಇಳಿಯುತ್ತಿದ್ದರೆ ಟ್ಯಾಂಕೇ ತೂತು. ವೆಲ್ಡಿಂಗ್ ಮಾಡಿದರೆ ಒಳಗಿನ ಗಾಜಿನ ಲೇಪ ಸುಟ್ಟುಹೋಗುತ್ತದೆ. ವಾರಂಟಿ ಕಾರ್ಡ್ ಹುಡುಕಿ; ಟ್ಯಾಂಕಿನ ವಾರಂಟಿ ಉಳಿದ ಭಾಗಗಳಿಗಿಂತ ಜಾಸ್ತಿ ವರ್ಷ ಇರುವುದು ಸಾಮಾನ್ಯ. ಬಾಡಿಗೆ ಮನೆಯಾದರೆ ವಿಡಿಯೊ ತೆಗೆದು ಆವತ್ತೇ ಮಾಲೀಕರಿಗೆ ಕಳಿಸಿ. ಕೆಳಗಿನ ಮನೆಯ ಸೀಲಿಂಗ್ ನೆನೆದ ಮೇಲೆ ಡಿಪಾಸಿಟ್ ಜಗಳ ಬೇಡ. ಹೊಸದು ತರುವಾಗ ಐಎಸ್‌ಐ ಗುರುತು, ಎಷ್ಟು ಬಾರ್ ಒತ್ತಡ ತಡೆಯುತ್ತದೆ, ಎರಡನ್ನೂ ನೋಡಿ.

ರಿಪೇರಿಯಾಗಲಿ, ಹೊಸದಾಗಲಿ, ಮೊದಲು ನೀರು ತುಂಬಿಸಿ. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಪೂರ್ತಿ ಹೋಗಿ ನೀರು ಒಂದೇ ಸಮ ಬಂದ ಮೇಲೆಯೇ ಎಂಸಿಬಿ ಮೇಲೆತ್ತಿ. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಎಲಿಮೆಂಟ್ ಸುಟ್ಟುಹೋಗುತ್ತದೆ. ಮೊದಲ ಸಲ ಪೂರ್ತಿ ಕಾದು ಲೈಟ್ ಆರುವವರೆಗೆ ಟೆಕ್ನಿಷಿಯನ್‌ನನ್ನು ಕಳಿಸಬೇಡಿ.